ಗುಂಬಜ್ ಕಂಡವರಿಗೆ ಗಂಜ್ ಕಾಣಲಿಲ್ಲ

ಹೊಂಗಡಹಳ್ಳ ಎಂಬುದು ಸಕಲೇಶಪುರ ತಾಲೂಕಿನ ಒಂದು ಊರಿನ ಹೆಸರು. ಒಂದು ಹಳ್ಳದ ಹೆಸರೂ ಹೌದು. ಮಲೆನಾಡಿನಲ್ಲಿ ಊರುಗಳು ನೀರಿನ ಹೆಸರನ್ನು ಹೊತ್ತುಕೊಂಡೇ ಬದುಕಿ ಬಂದಿವೆ. ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳ - ಈ ಸಣ್ಣ ತೊರೆಗಳು ಘಟ್ಟ ಇಳಿದು ಗುಂಡ್ಯದ ಹೊಳೆಗೆ ಸೇರುತ್ತವೆ. ಆ ಹೊಳೆ ಕುಮಾರಧಾರೆಗೆ, ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ, ನೇತ್ರಾವತಿ ಮಂಗಳೂರಿನ ಕಡಲಿಗೆ. ಇದೇ ತಾಲೂಕಿನ ಇನ್ನೊಂದು ಮಗ್ಗುಲಲ್ಲಿ ಬಿದ್ದ ಮಳೆ ಹೇಮಾವತಿಯಾಗಿ, ಕಾವೇರಿಯ ಪಾಲಾಗಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಒಂದೇ ಮೋಡ, ಒಂದೇ ಗುಡ್ಡ, ಎರಡು ಸಮುದ್ರ.

ಇಂತಹ ಬೆಟ್ಟಸಾಲುಗಳನ್ನು ವಿಜ್ಞಾನಿಗಳು 'ನೀರಿನ ಗೋಪುರ' ಎಂದು ಕರೆಯುತ್ತಾರೆ. ವಿಶ್ವಸಂಸ್ಥೆ 2002ನ್ನು ಪರ್ವತಗಳ ವರ್ಷವೆಂದು ಆಚರಿಸಿದಾಗ ಈ ಮಾತು ಹೆಚ್ಚು ಬಳಕೆಗೆ ಬಂತು. ಎತ್ತರದಲ್ಲಿ ನೀರನ್ನು ಹಿಡಿದಿಟ್ಟುಕೊಂಡು ಕೆಳಗಿನವರಿಗೆ ನಿಧಾನವಾಗಿ ಬಿಟ್ಟುಕೊಡುವುದು ಗೋಪುರದ ಕೆಲಸ. ಶೋಲಾ ಕಾಡು, ಹುಲ್ಲುಗಾವಲು ಮತ್ತು ಜೌಗು ಕೂಡಿ ಆ ಕೆಲಸವನ್ನು ಇಲ್ಲಿ ಕೂಲಿ ಕೇಳದೆ ಮಾಡುತ್ತ ಬಂದಿವೆ. ಹೊಂಗಡಹಳ್ಳದಲ್ಲಿ ಕಲ್ಲಿನ ಚಾರಿತ್ರಿಕ ಗೋಪುರವನ್ನು ಹುಡುಕಬೇಕಿಲ್ಲ. ಗುಡ್ಡವೇ ಗೋಪುರ.

ಆದರೆ ಮನುಷ್ಯ ಕಟ್ಟಿದ ನೀರಿನ ಗೋಪುರಗಳ ಕಡೆಗೂ ಒಮ್ಮೆ ನೋಡಬೇಕಾಗಿದೆ. ಏಕೆಂದರೆ ಇಂದು ಈ ಗುಡ್ಡದ ನೀರನ್ನು ಪಂಪಿನಿಂದ ಮೇಲೆತ್ತಿ, ತೊಟ್ಟಿಗಳಿಗೆ ತುಂಬಿಸಿ, ಬಯಲುಸೀಮೆಗೆ ಕಳಿಸುವ ಕೆಲಸ ನಡೆದಿದೆ. ಹಿಂದಿನವರು ನೀರನ್ನು ಎತ್ತರಕ್ಕೆ ಏರಿಸಿ ಹಂಚಿದ್ದು ಹೇಗೆ, ಅದನ್ನು ನಾವು ಹೇಗೆ ಓದಿಕೊಂಡಿದ್ದೇವೆ, ಹೇಗೆ ಓದದೆ ಬಿಟ್ಟಿದ್ದೇವೆ ಎಂಬುದು ಇಂದಿನ ಜಗಳಕ್ಕೂ ಸಂಬಂಧಪಟ್ಟ ವಿಷಯ. ಕರ್ನಾಟಕದಲ್ಲಿ ಇದಕ್ಕೆ ಒಳ್ಳೆಯ ಪಠ್ಯವೊಂದಿದೆ. ಅದು ಕಾಗದದ ಮೇಲಿಲ್ಲ, ವಿಜಯಪುರದ ಬೀದಿಗಳಲ್ಲಿ ನಿಂತಿದೆ.

*

ವಿಜಯಪುರಕ್ಕೆ ಹೋದವರು ಗೋಳಗುಮ್ಮಟ ನೋಡುತ್ತಾರೆ. ಪಿಸುಮಾತಿನ ಗ್ಯಾಲರಿಯಲ್ಲಿ ಕೂಗಿ ಪ್ರತಿಧ್ವನಿ ಎಣಿಸುತ್ತಾರೆ. ಇಬ್ರಾಹಿಂ ರೋಜಾ, ಜುಮ್ಮಾ ಮಸೀದಿ, ಮಲಿಕ್-ಎ-ಮೈದಾನ್ ತೋಪು ನೋಡಿ ಬಸ್ಸು ಹತ್ತುತ್ತಾರೆ. ಇವುಗಳ ನಡುವೆ ಅಲ್ಲಲ್ಲಿ ಮನೆ ಅಂಗಡಿಗಳ ಸಂದಿಯಲ್ಲಿ ಚೌಕಾಕಾರದ ಒರಟು ಕಲ್ಲಿನ ಗೋಪುರಗಳು ಕಾಣುತ್ತವೆ. ಕಾವಲು ಗೋಪುರವಿರಬೇಕು ಎಂದುಕೊಂಡು ಮುಂದೆ ಹೋಗುತ್ತಾರೆ. ಅವೇ ಗಂಜ್‌ಗಳು, ಆದಿಲ್‌ಶಾಹಿ ನಗರದ ನೀರಿನ ಗೋಪುರಗಳು.

ಬಿಜಾಪುರ ದೊಡ್ಡ ನದಿಯ ದಂಡೆಯ ಊರಲ್ಲ. ಕಪ್ಪು ಕಲ್ಲಿನ ಒಣ ನೆಲದ ಮೇಲೆ ರಾಜಧಾನಿ ಕಟ್ಟಿದ ಮೇಲೆ ಜನರಿಗೆ ನೀರು ಕೊಡುವುದು ಅರಸರ ಮೊದಲ ತಲೆನೋವಾಗಿತ್ತು. ಒಂದನೆಯ ಅಲಿ ಆದಿಲ್ ಶಾಹನ ಕಾಲದಲ್ಲಿ, ಅಂದರೆ 1558ರಿಂದ 1580ರ ನಡುವೆ, ಕೋಟೆಗೋಡೆಯ ಜೊತೆಗೇ ನೀರಿನ ಕೆಲಸವೂ ನಡೆಯಿತು. ಪಶ್ಚಿಮದ ತೊರವಿಯಿಂದ ನೆಲದಡಿ ಸುರಂಗ ತೋಡಿ ನೀರನ್ನು ನಗರಕ್ಕೆ ತರಲಾಯಿತು. ಅದೇ ಸುರಂಗ ಬಾವಡಿ. ಇರಾನಿನ ಖನಾತ್, ಕರೇಜ್ ವಿದ್ಯೆ ದಖ್ಖನ್ನಿನ ಕಲ್ಲಿಗೆ ಒಗ್ಗಿಕೊಂಡ ರೂಪವದು. ಬೀದರಿನ ನೌಬಾದಿನಲ್ಲಿ ಬಹಮನಿಗಳ ಕಾಲದ ಕರೇಜ್ ಇದೆ. ಇಬ್ರಾಹಿಂ ಆದಿಲ್ ಶಾಹನ ಕಾಲದಲ್ಲಿ, 1620ರಲ್ಲಿ, ತಾಜ್ ಬಾವಡಿ ಕಟ್ಟಲಾಯಿತು. ಅದರ ಕಮಾನಿನ ಎರಡು ಪಕ್ಕದ ಕಟ್ಟಡಗಳು ದಾರಿಹೋಕರ ತಂಗುದಾಣಗಳಾಗಿದ್ದವು. ಮಹಮ್ಮದ್ ಆದಿಲ್ ಶಾಹನ ಕಾಲಕ್ಕೆ ನಗರ ಇನ್ನೂ ಬೆಳೆದಿತ್ತು. 1651ರಲ್ಲಿ ಊರಿನ ದಕ್ಷಿಣಕ್ಕೆ 234 ಎಕರೆ ವಿಸ್ತಾರದ ಬೇಗಂ ತಲಾಬ್ ಸಿದ್ಧವಾಯಿತು.

ಬೇಗಂ ತಲಾಬಿನ ಪಕ್ಕದಲ್ಲಿ ನೆಲಮಾಳಿಗೆಯಂತಹ ಕೋಣೆಯಿದೆ. ಅಲ್ಲಿಂದ ಮಣ್ಣಿನ ಕೊಳವೆಗಳ ಸಾಲು ಊರಿನ ಕಡೆಗೆ ಹೊರಡುತ್ತಿತ್ತು. ಕೊಳವೆಗಳನ್ನು ಒಂದಕ್ಕೊಂದು ಜೋಡಿಸಿ, ಸುತ್ತಲೂ ಗಾರೆಕಲ್ಲಿನ ಕವಚ ಕಟ್ಟಿ, 15 ಅಡಿಯಿಂದ 50 ಅಡಿ ಆಳದಲ್ಲಿ ಹೂಳಿದ್ದರು. ತಗ್ಗಿನಲ್ಲಿ ಸಾಗುವ ನೀರಿಗೆ ಹಿಂದಿನ ಎತ್ತರದ ಭಾರವೆಲ್ಲ ಬಂದು ಸೇರುತ್ತದೆ. ಬಿಗಿದ ಮಣ್ಣಿನ ಕೊಳವೆ ಆ ಒತ್ತಡಕ್ಕೆ ಒಡೆಯಲೇಬೇಕು. ಒಡೆಯದಂತೆ ದಾರಿಯುದ್ದಕ್ಕೂ 25ರಿಂದ 42 ಅಡಿ ಎತ್ತರದ ಗಂಜ್‌ಗಳನ್ನು ನಿಲ್ಲಿಸಿದರು.

ಗಂಜಿನ ಕೆಲಸ ಸರಳ. ಕೊಳವೆಯ ನೀರು ಗೋಪುರದೊಳಗೆ ತಾನಾಗಿಯೇ ಮೇಲಕ್ಕೇರುತ್ತದೆ. ಎಷ್ಟು ಎತ್ತರದಿಂದ ಹೊರಟಿತೋ ಹೆಚ್ಚುಕಡಿಮೆ ಅಷ್ಟು ಎತ್ತರಕ್ಕೆ. ಮೇಲೆ ಗಾಳಿಗೆ ತೆರೆದುಕೊಂಡಾಗ ಅದರ ಒತ್ತಡ ಇಳಿಯುತ್ತದೆ. ಹೊತ್ತು ತಂದ ಮಣ್ಣು ಮರಳು ಗೋಪುರದ ತಳದಲ್ಲಿ ಕೂರುತ್ತದೆ. ತಿಳಿಯಾದ ನೀರು ಮುಂದಿನ ಕೊಳವೆಗೆ ಇಳಿದು ಮುಂದಿನ ಗಂಜಿನ ಕಡೆಗೆ ಹೋಗುತ್ತದೆ. ಇಲ್ಲಿ ಪಂಪಿಲ್ಲ, ಎತ್ತಿನ ಏತವಿಲ್ಲ. ನೆಲದ ಏರಿಳಿತವನ್ನು ಅಳೆದು ಅರ್ಥಮಾಡಿಕೊಂಡವರ ಲೆಕ್ಕ ಮಾತ್ರ ಇದೆ. ಒತ್ತಡ ಇಳಿಸುವುದು, ಕೊಳೆ ಬಿಡಿಸುವುದು, ಮುಂದಕ್ಕೆ ಕಳಿಸುವುದು - ಈ ಮೂರೂ ಕೆಲಸ ಒಂದೇ ಕಟ್ಟಡದ್ದು.

ಇದು ಬಿಜಾಪುರದ ಒಂಟಿ ಸಾಹಸವೂ ಅಲ್ಲ. ಇಸ್ತಾಂಬುಲ್‌ನಲ್ಲಿ ಒಟ್ಟೊಮನ್ನರು ಇದೇ ಕೆಲಸದ ಗೋಪುರಗಳನ್ನು ಕಟ್ಟಿದ್ದರು. ತುರ್ಕಿ ಭಾಷೆಯಲ್ಲಿ ಅವುಗಳ ಹೆಸರು 'ಸು ತೆರಾಜಿಸಿ', ಅಂದರೆ ನೀರಿನ ತಕ್ಕಡಿ. ನಮ್ಮ ಮನೆಗಳ ಉರ್ದುವಿನ ತರಾಜೂ ಅಲ್ಲಿಯ ತೆರಾಜಿಯೇ. ಅದೇ ನಗರದ ಹೆಸರುವಾಸಿ ತಕ್ಸೀಮ್ ಚೌಕಕ್ಕೆ ಆ ಹೆಸರು ಬಂದದ್ದು 18ನೇ ಶತಮಾನದಲ್ಲಿ ಅಲ್ಲಿ ಕಟ್ಟಿದ ನೀರು ಹಂಚುವ ಕಟ್ಟಡದಿಂದ. ತಕ್ಸೀಮ್ ಎಂದರೆ ಪಾಲು ಮಾಡುವುದು. ದೇಶ ಪಾಲಾದ ನೋವಿಗೆ ನಾವು ಬಳಸುವ ಪದವನ್ನು ಅವರು ನೀರು ಪಾಲು ಮಾಡುವ ಜಾಗಕ್ಕೆ ಇಟ್ಟರು. ಔರಂಗಾಬಾದಿನಲ್ಲಿ 17ನೇ ಶತಮಾನದ ಆರಂಭದಲ್ಲಿ ಮಲಿಕ್ ಅಂಬರ್ ತಂದ ನೆಹರ್ ಕೂಡ ಇದೇ ವಿದ್ಯೆಯ ಬಂಧು.

*

ಇಷ್ಟು ದೊಡ್ಡ ವಿಷಯ ನಮ್ಮ ಬರಹಗಳಲ್ಲಿ ಇಷ್ಟು ಸಣ್ಣದಾಗಿ ಉಳಿದದ್ದೇಕೆ? ನನ್ನ ತಕರಾರು ಇರುವುದು ಇಲ್ಲಿ.

ಆದಿಲ್‌ಶಾಹಿಗಳ ಬಗ್ಗೆ ಕನ್ನಡದಲ್ಲಿ ಮೂರು ಬಗೆಯ ಮಾತುಗಳು ಚಾಲ್ತಿಯಲ್ಲಿವೆ. ಮೊದಲನೆಯದು ಪ್ರವಾಸಿ ಕೈಪಿಡಿಯ ಮಾತು. ಅದಕ್ಕೆ ಬೇಕಾದದ್ದು ಅಳತೆ ಮತ್ತು ಅಚ್ಚರಿ. ಗುಮ್ಮಟದ ವ್ಯಾಸ ಎಷ್ಟು, ತೋಪಿನ ತೂಕ ಎಷ್ಟು, ಪ್ರತಿಧ್ವನಿ ಎಷ್ಟು ಬಾರಿ. ಸತ್ತ ಸುಲ್ತಾನನ ಗೋರಿಗೆ ಅದು ಹತ್ತು ಪುಟ ಕೊಡುತ್ತದೆ. ಬದುಕಿದ್ದ ಊರಿನ ಬಾಯಾರಿಕೆಗೆ ಎರಡು ಸಾಲು ಕೊಡುತ್ತದೆ. ಪುರಾತತ್ವ ಇಲಾಖೆಯ ಹೆನ್ರಿ ಕಸಿನ್ಸ್ 1916ರಲ್ಲಿ ಪ್ರಕಟಿಸಿದ ಬಿಜಾಪುರದ ವಾಸ್ತುಶಿಲ್ಪದ ದೊಡ್ಡ ಗ್ರಂಥದಲ್ಲಿಯೇ ನೀರಿನ ವ್ಯವಸ್ಥೆಗೆ ಜಾಗವಿತ್ತು. ನೂರು ವರ್ಷಗಳ ನಂತರದ ಕೈಪಿಡಿಗಳು ಅಷ್ಟನ್ನೂ ಉಳಿಸಿಕೊಳ್ಳಲಿಲ್ಲ.

ಎರಡನೆಯದು ಆಪಾದನೆಯ ಮಾತು. ಅದಕ್ಕೆ ಸುಲ್ತಾನ ಎಂದರೆ ಕತ್ತಿ ಮಾತ್ರ. 1565ರ ಯುದ್ಧ, ಅಫಜಲ್ ಖಾನನ ಕೊನೆ - ಇಷ್ಟರಲ್ಲಿ ಇನ್ನೂರು ವರ್ಷಗಳ ಚರಿತ್ರೆ ಮುಗಿಯುತ್ತದೆ. ಬೇಗಂ ತಲಾಬಿನ ನೀರಿನ ಕೆಲಸದೊಂದಿಗೂ ಅದೇ ಅಫಜಲ್ ಖಾನನ ಹೆಸರು ಸೇರಿಕೊಂಡಿದೆ ಎಂದರೆ ಈ ಮಾತಿನವರಿಗೆ ಅದನ್ನು ಎಲ್ಲಿಡಬೇಕೆಂದು ತಿಳಿಯುವುದಿಲ್ಲ. ಮನುಷ್ಯ ಒಂದೇ ಕೆಲಸ ಮಾಡಿ ಸಾಯುವುದಿಲ್ಲ ಎಂಬ ಸಾಮಾನ್ಯ ತಿಳಿವಳಿಕೆಯನ್ನೂ ಈ ಚರಿತ್ರೆ ಕಳೆದುಕೊಂಡಿದೆ.

ಮೂರನೆಯದು ನಮ್ಮದೇ ಮಾತು. ಅದರ ಬಗ್ಗೆ ಹೆಚ್ಚು ಕಠಿಣವಾಗಿರಬೇಕಾದದ್ದು ನಮ್ಮ ಕರ್ತವ್ಯ. ಎರಡನೆಯದಕ್ಕೆ ಉತ್ತರ ಕೊಡುವ ಅವಸರದಲ್ಲಿ ಮುಸ್ಲಿಮ್ ಲೇಖಕರೂ ನಮ್ಮ ಜೊತೆ ನಿಂತ ಒಳ್ಳೆಯ ಮನಸ್ಸಿನ ಇತರ ಲೇಖಕರೂ ಒಂದು ಸಿದ್ಧ ಪಟ್ಟಿ ಮಾಡಿಕೊಂಡಿದ್ದೇವೆ. ಎರಡನೆಯ ಇಬ್ರಾಹಿಂ 'ಕಿತಾಬ್-ಎ-ನವರಸ್' ಬರೆದ, ಅದರಲ್ಲಿ ಸರಸ್ವತಿಯನ್ನೂ ಗೇಸುದರಾಜರನ್ನೂ ನೆನೆದ, ಜನ ಅವನನ್ನು ಜಗದ್ಗುರು ಎಂದರು. ಇದೆಲ್ಲ ನಿಜ. ಸುಳ್ಳಿನ ಎದುರು ಈ ನಿಜವನ್ನು ಹೇಳಬೇಕಾದದ್ದೂ ನಿಜ. ಆದರೆ ನಮ್ಮ ಸೌಹಾರ್ದದ ಬರಹಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಕೊರತೆ ಎದ್ದು ಕಾಣುತ್ತದೆ. ನಾವು ಸೌಹಾರ್ದವನ್ನು ಯಾವಾಗಲೂ ಹಾಡಿನಲ್ಲಿ ಹುಡುಕುತ್ತೇವೆ. ಅರಸನ ಮನಸ್ಸಿನಲ್ಲಿ, ಸೂಫಿಯ ಉರೂಸಿನಲ್ಲಿ ಹುಡುಕುತ್ತೇವೆ. ಕೊಳವೆಯಲ್ಲಿ ಹುಡುಕುವುದಿಲ್ಲ.

ಒಬ್ಬ ಅರಸ ಯಾವ ದೇವರನ್ನು ನೆನೆದ ಎಂಬುದು ಅವನ ಅಂತರಂಗದ ಮಾತು. ಅವನ ಊರಿನ ನೀರು ಯಾರ ಓಣಿಯವರೆಗೆ ಹರಿಯಿತು ಎಂಬುದು ಊರಿನ ಮಾತು. ಒಂದೇ ಗೋಪುರದಿಂದ ಇಳಿದ ನೀರನ್ನು ಕುಡಿದವರು ನೆರೆಹೊರೆಯವರಾಗಿ ಬಾಳಿದ್ದಕ್ಕೆ ಕವಿತೆಯ ಸಾಕ್ಷಿ ಬೇಕಾಗುವುದಿಲ್ಲ. ಗೋಪುರ ಹಾಳಾದ ದಿನ ಇಬ್ಬರ ಮನೆಯ ಕೊಡವೂ ಖಾಲಿ. ಈ ಹಂಚಿಕೊಂಡ ಅಗತ್ಯವೇ ಬೀದಿಯ ಸಹಬಾಳ್ವೆಯ ತಳಹದಿ. ಹಾಡು ಆ ತಳಹದಿಯ ಮೇಲೆ ಬಂದು ಕೂರುವ ಗುಮ್ಮಟ. ನಾವು ಗುಮ್ಮಟವನ್ನು ಹೊಗಳಿ ಅಡಿಪಾಯವನ್ನು ಮರೆತೆವು.

ಮರೆವು ಬರಹದಲ್ಲಷ್ಟೇ ಉಳಿಯಲಿಲ್ಲ. ಗೋಳಗುಮ್ಮಟದ ಚಿತ್ರ ನಮ್ಮ ಕ್ಯಾಲೆಂಡರುಗಳಲ್ಲಿ, ಸಮ್ಮೇಳನಗಳ ಬ್ಯಾನರುಗಳಲ್ಲಿ ಇರುತ್ತದೆ. ಗತವೈಭವದ ಮೇಲೆ ಗಂಟೆಗಟ್ಟಲೆ ಭಾಷಣವಾಗುತ್ತದೆ. ಅದೇ ಊರಿನ ಬಾವಡಿಗಳು ದಶಕಗಟ್ಟಲೆ ಕಸದ ಗುಂಡಿಗಳಾಗಿದ್ದವು. ಅವುಗಳ ಸುತ್ತ ವಾಸಿಸಿದವರಲ್ಲಿ ಎಲ್ಲ ಧರ್ಮದವರೂ ಇದ್ದರು, ಕಸ ಸುರಿದವರಲ್ಲೂ ಎಲ್ಲ ಧರ್ಮದವರೂ ಇದ್ದರು. ಈ ಒಂದು ವಿಷಯದಲ್ಲಿ ನಮ್ಮ ಸೌಹಾರ್ದ ಪರಿಪೂರ್ಣವಾಗಿತ್ತು ಎನ್ನಬಹುದು. 2010ರ ದಶಕದ ನಡುವೆ ಬರಗಾಲದ ಬಿಸಿ ತಟ್ಟಿದ ಮೇಲೆಯೇ ತಾಜ್ ಬಾವಡಿ ಮುಂತಾದವುಗಳ ಹೂಳೆತ್ತುವ ಕೆಲಸ ನಡೆಯಿತು. ವಿಶ್ವ ಸ್ಮಾರಕ ನಿಧಿಯ 2020ರ ಕಾಳಜಿ ಪಟ್ಟಿಯಲ್ಲಿ ದಖ್ಖನ್ನಿನ ಚಾರಿತ್ರಿಕ ಜಲವ್ಯವಸ್ಥೆಗಳು ಸೇರಿದವು. ಹೊರಗಿನವರು ಬೆರಳು ತೋರಿಸಿದ ಮೇಲೆ ನಮಗೆ ಕಂಡ ನಮ್ಮ ಆಸ್ತಿಗಳ ಸಾಲಿಗೆ ಇದೂ ಒಂದು.

*

ಹಾಗೆಂದು ಗಂಜ್‌ಗಳ ಸುತ್ತ ಹೊಸದೊಂದು ವೈಭವ ಕಟ್ಟುವುದು ಈ ಲೇಖನದ ಉದ್ದೇಶವಲ್ಲ. ಹಾಗೆ ಮಾಡಿದರೆ ಟೀಕಿಸಿದ ರೋಗವೇ ನಮಗೂ ಅಂಟಿದಂತೆ.

ಅರಸರ ನೀರು ಅರಮನೆಯ ಕಾರಂಜಿಗೂ ಹರಿಯುತ್ತಿತ್ತು, ಅಮೀರರ ತೋಟಗಳಿಗೂ ಹರಿಯುತ್ತಿತ್ತು. ಸುರಂಗ ತೋಡಿದ ಕೈಗಳು ಯಾರವು, ಹೂಳೆತ್ತಿದವರು ಯಾವ ಕೇರಿಯವರು ಎಂಬುದನ್ನು ಕಲ್ಲಿನ ಶಾಸನಗಳು ಹೇಳುವುದಿಲ್ಲ. ಹೆಸರು ಕೆತ್ತಿಸಿಕೊಳ್ಳುವುದು ಕಟ್ಟಿಸಿದವರ ಹಕ್ಕಾಗಿತ್ತು, ಕಟ್ಟಿದವರದಲ್ಲ. ನೀರಿನ ಜ್ಞಾನ ಇದ್ದವರೆಲ್ಲ ನೀರಿನಷ್ಟು ತಣ್ಣಗಿರಲಿಲ್ಲ ಎಂಬುದಕ್ಕೂ ಚರಿತ್ರೆಯಲ್ಲಿ ಸಾಕ್ಷಿಯಿದೆ. ತನ್ನ ಊರಿಗೆ ನೆಹರ್ ತಂದ ಮಲಿಕ್ ಅಂಬರನೇ 1624ರಲ್ಲಿ ಇಬ್ರಾಹಿಮನ ಕನಸಿನ ನವರಸಪುರವನ್ನು ಸೂರೆ ಮಾಡಿದ. ಇಬ್ಬರೂ ಮುಸ್ಲಿಮರು, ಇಬ್ಬರೂ ದಖ್ಖನ್ನಿನವರು, ಇಬ್ಬರಿಗೂ ನೀರಿನ ಬೆಲೆ ಗೊತ್ತಿತ್ತು.

ಇದಕ್ಕಿಂತ ಹೆಚ್ಚು ಚುಚ್ಚಬೇಕಾದ ಘಟನೆ ಹತ್ತಿರದ ಕಾಲದ್ದು. 1934ರಲ್ಲಿ ಡಾ. ಅಂಬೇಡ್ಕರ್ ತಮ್ಮ ಸಂಗಡಿಗರೊಂದಿಗೆ ದೌಲತಾಬಾದ್ ಕೋಟೆ ನೋಡಲು ಹೋಗಿದ್ದರು. ದಾರಿಯ ಧೂಳಿನಿಂದ ಬಂದವರು ಬಾಗಿಲ ಬಳಿಯ ಕೊಳದಲ್ಲಿ ಕೈಕಾಲು ಮುಖ ತೊಳೆದುಕೊಂಡರು. ರಂಜಾನಿನ ತಿಂಗಳು. ಅಸ್ಪೃಶ್ಯರು ಕೊಳವನ್ನು ಮೈಲಿಗೆ ಮಾಡಿದರು ಎಂದು ಒಬ್ಬ ಹಿರಿಯ ಮುಸ್ಲಿಮ್ ಕೂಗಿಕೊಂಡು ಬಂದ. ಜನ ಸೇರಿದರು, ಬೈದರು. ಹಿಂದೂವಿಗೆ ಅಸ್ಪೃಶ್ಯನಾದವನು ಮುಸ್ಲಿಮನಿಗೂ ಅಸ್ಪೃಶ್ಯನೇ ಎಂಬುದಕ್ಕೆ ಉದಾಹರಣೆಯಾಗಿ ಅಂಬೇಡ್ಕರ್ ಇದನ್ನು ತಮ್ಮ ಆತ್ಮಕಥನದ ಬರಹದಲ್ಲಿ ದಾಖಲಿಸಿದ್ದಾರೆ. ಮಹಾಡದ ಚೌದಾರ್ ಕೆರೆಯ ಸತ್ಯಾಗ್ರಹ ನಡೆದು ಆಗ ಏಳು ವರ್ಷವಾಗಿತ್ತು. ಮಹಾಡವನ್ನು ನಾವು ಉತ್ಸಾಹದಿಂದ ನೆನೆಯುತ್ತೇವೆ. ದೌಲತಾಬಾದನ್ನು ನೆನೆಯುವಾಗ ದನಿ ಇಳಿಯುತ್ತದೆ. ಇಳಿಯಬಾರದು.

ಏಕೆಂದರೆ ಆ ದಿನ ಕೂಗಿದ ಹಿರಿಯನ ನಂಬಿಕೆಯ ಮೂಲದಲ್ಲಿಯೇ ಅವನಿಗೆ ಉತ್ತರವಿತ್ತು. ನೀರು, ಹುಲ್ಲು, ಬೆಂಕಿ ಈ ಮೂರರಲ್ಲಿ ಜನರೆಲ್ಲ ಪಾಲುದಾರರು ಎಂಬುದು ಪ್ರವಾದಿಯವರ ಬೋಧನೆ. ಹರಿಯುವ ಹೊಳೆಯ ದಂಡೆಯಲ್ಲಿ ಕುಳಿತು ವುಜೂ ಮಾಡುವಾಗಲೂ ನೀರನ್ನು ಪೋಲು ಮಾಡಬಾರದೆಂದು ಮಸೀದಿಗಳಲ್ಲಿ ಕೇಳುತ್ತ ಬಂದಿದ್ದೇವೆ. ಮದೀನಾದಲ್ಲಿ ನೀರು ಮಾರುತ್ತಿದ್ದವನ ರೂಮಾ ಬಾವಿಯನ್ನು ಹಜ್ರತ್ ಉಸ್ಮಾನ್ ಕೊಂಡು ಎಲ್ಲರಿಗೆ ಬಿಟ್ಟುಕೊಟ್ಟ ಕತೆ ಮದರಸದ ಮಕ್ಕಳಿಗೂ ಗೊತ್ತು. ಶರೀಅತ್ ಎಂಬ ಶಬ್ದಕ್ಕೇ ಅರಬ್ಬಿ ನಿಘಂಟುಗಳು ಕೊಡುವ ಹಳೆಯ ಅರ್ಥ ನೀರಿನ ಕಡೆಗೆ ಹೋಗುವ ದಾರಿ ಎಂದು. ನೀರಿಗೆ ಹೋಗುವ ದಾರಿಯನ್ನು ಅಡ್ಡಗಟ್ಟಿದವನು ಯಾವ ಶರೀಅತ್ತಿನ ಕಾವಲುಗಾರ ಎಂದು ಕೇಳಬೇಕಾಗಿತ್ತು. ಕೇಳಿದವರು ಕಡಿಮೆ. ನಮ್ಮ ಹಳೆಯ ಕೊಳ, ಬಾವಿ, ಗೋಪುರಗಳ ಬಗ್ಗೆ ಬರೆಯುವವರು ಅವುಗಳ ಕಮಾನಿನ ಸೊಬಗಿನ ಜೊತೆಗೆ ಈ ಪ್ರಶ್ನೆಯನ್ನೂ ಬರೆಯಬೇಕು: ಇಲ್ಲಿ ಯಾರು ಕುಡಿದರು, ಯಾರನ್ನು ತಡೆದರು?

*

ಈಗ ಹೊಂಗಡಹಳ್ಳಕ್ಕೆ ಮರಳೋಣ.

ಈ ಹಳ್ಳದ ಮೇಲೆ ದೊಡ್ಡವರ ಕಣ್ಣು ಬಿದ್ದದ್ದು ಇದೇ ಮೊದಲಲ್ಲ. ಗುಂಡ್ಯ ಜಲವಿದ್ಯುತ್ ಯೋಜನೆಯಲ್ಲಿ ಎತ್ತಿನಹೊಳೆ, ಕೇರಿಹೊಳೆಗಳ ಜೊತೆ ಹೊಂಗಡಹಳ್ಳದ ಹೆಸರೂ ಇತ್ತು. ಸಿಂಗಳೀಕಗಳೂ ಆನೆಗಳೂ ಇರುವ ಈ ಕಾಡಿನಲ್ಲಿ ಅದು ಬೇಡವೆಂದು ಜನ ಹೋರಾಡಿದರು. 2010ರಲ್ಲಿ ಇಲ್ಲಿಗೆ ಬಂದು ನೋಡಿದ ಮಾಧವ ಗಾಡ್ಗೀಳ್ ಸಮಿತಿ 2011ರ ವರದಿಯಲ್ಲಿ ಅದಕ್ಕೆ ಅನುಮತಿ ಕೊಡಬಾರದೆಂದಿತು.

ನಂತರ ಬಂದದ್ದು ಎತ್ತಿನಹೊಳೆ ಯೋಜನೆ. 2014ರ ಮಾರ್ಚಿನಲ್ಲಿ ಚಿಕ್ಕಬಳ್ಳಾಪುರದ ಮುದ್ದೇನಹಳ್ಳಿಯಲ್ಲಿ ಶಂಕುಸ್ಥಾಪನೆಯಾಯಿತು. ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳಿಗೆ 8 ಒಡ್ಡುಗಳನ್ನು ಕಟ್ಟಿ, ಮಳೆಗಾಲದ ನೀರನ್ನು ಪಂಪಿನಿಂದ ಎತ್ತಿ, ತೊಟ್ಟಿಯಿಂದ ತೊಟ್ಟಿಗೆ ಏರಿಸಿ, ಅಲ್ಲಿಂದ ಸುಮಾರು 250 ಕಿಲೋಮೀಟರು ಉದ್ದದ ಕಾಲುವೆಯಲ್ಲಿ ಪೂರ್ವಕ್ಕೆ ಹರಿಸುವುದು ಯೋಜನೆ. ಗುರಿ 24.01 ಟಿಎಂಸಿ ನೀರು, 7 ಜಿಲ್ಲೆಗಳ 75.59 ಲಕ್ಷ ಜನ, 527 ಕೆರೆಗಳು. 2012ರಲ್ಲಿ 8,323 ಕೋಟಿ ಇದ್ದ ಅಂದಾಜು 2014ರಲ್ಲಿ 12,912 ಕೋಟಿಯಾಯಿತು, 2023ರಲ್ಲಿ 23,251 ಕೋಟಿ ದಾಟಿತು. 2024ರ ಸೆಪ್ಟೆಂಬರ್ 6ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸಕಲೇಶಪುರ ತಾಲೂಕಿನಲ್ಲಿ ಮೊದಲ ಹಂತಕ್ಕೆ ಚಾಲನೆ ಕೊಟ್ಟರು.

ಕೋಲಾರ, ಚಿಕ್ಕಬಳ್ಳಾಪುರದ ಬಾಯಾರಿಕೆ ಸುಳ್ಳಲ್ಲ. ಸಾವಿರ ಅಡಿ ಕೊರೆದರೂ ಧೂಳು ಹಾರುವ ಕೊಳವೆಬಾವಿಗಳು, ಫ್ಲೋರೈಡಿನಿಂದ ಹಳದಿಗಟ್ಟಿದ ಮಕ್ಕಳ ಹಲ್ಲುಗಳು ಅಲ್ಲಿ ನಿತ್ಯದ ಸಂಗತಿ. 2018ರಿಂದ ಆ ಸೀಮೆಯ ಕೆರೆಗಳಿಗೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬರುತ್ತಿದೆ. ಅದನ್ನೂ ಒಪ್ಪಿಕೊಳ್ಳುವಷ್ಟು ಅವರು ಬಳಲಿದ್ದಾರೆ. ಮಲೆನಾಡಿನಲ್ಲಿ ಕುಳಿತು ನಮ್ಮ ನೀರು ನಮಗೆ ಎಂದು ಕೂಗುವುದು ಸುಲಭ. ನೀರಿನಲ್ಲಿ ಎಲ್ಲರಿಗೂ ಪಾಲಿದೆ ಎಂದು ನಂಬಿದವರು ಹಾಗೆ ಕೂಗಲಾರರು.

ಆದರೆ ಪಾಲು ಮಾಡುವುದಕ್ಕೆ ಮೊದಲು ಗಂಟು ಎಷ್ಟಿದೆ ಎಂದು ಎಣಿಸಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರ 2015ರ ಅಧ್ಯಯನ ಈ ಜಲಾನಯನದಲ್ಲಿ ಸಿಗುವುದು 9.55 ಟಿಎಂಸಿ ಮಾತ್ರ ಎಂದಿತು. ಸರಕಾರ 24.01 ಎಂಬ ತನ್ನ ಲೆಕ್ಕಕ್ಕೆ ಅಂಟಿಕೊಂಡಿತು. ಎರಡು ಅಂಕಿಗಳ ನಡುವೆ ಅರ್ಧಕ್ಕಿಂತ ಹೆಚ್ಚಿನ ಅಂತರವಿದೆ. ತಕ್ಕಡಿಯ ಒಂದು ತಟ್ಟೆಯಲ್ಲಿ ಸಾವಿರಾರು ಕೋಟಿ ಇಟ್ಟ ಮೇಲೆ ಇನ್ನೊಂದರಲ್ಲಿ ಏನಿದೆ ಎಂದು ಜನರ ಕಣ್ಣೆದುರಿಗೆ ತೂಗಿ ತೋರಿಸಬೇಕಿತ್ತು. ತೂಕದ ಬದಲು ಆಣೆ ಪ್ರಮಾಣಗಳಾದವು. ಯೋಜನೆಯನ್ನು ಪ್ರಶ್ನಿಸಿದವರು ಬಯಲುಸೀಮೆಯ ಶತ್ರುಗಳಾದರು, ಬೆಂಬಲಿಸಿದವರು ಘಟ್ಟದ ಶತ್ರುಗಳಾದರು. ಬಾಯಾರಿದವರೂ ಬೆದರಿದವರೂ ಎದುರುಬದುರು ನಿಂತರು. ಲೆಕ್ಕ ಮಾತ್ರ ಕಡತದೊಳಗೆ ಉಳಿಯಿತು.

ಹಳೆಯ ಗಂಜನ್ನೂ ಹೊಸ ತೊಟ್ಟಿಯನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದರೆ ಕಾಣುವ ವ್ಯತ್ಯಾಸ ಇದು. ಎರಡೂ ನೀರನ್ನು ಎತ್ತರಕ್ಕೆ ತಂದು ಮುಂದಕ್ಕೆ ಬಿಡುತ್ತವೆ. ಆದರೆ ಗಂಜಿನಲ್ಲಿ ನೀರು ಮೂಲದ ಮಟ್ಟಕ್ಕಿಂತ ಮೇಲೆ ಏರಲಾರದು. ತಲಾಬಿನಲ್ಲಿ ನೀರು ಇಳಿದರೆ ಗಂಜಿನಲ್ಲೂ ಇಳಿಯುತ್ತದೆ, ಊರಿಗೆ ಅದು ತಿಳಿಯುತ್ತದೆ. ಮೂಲದ ಬಡತನವನ್ನು ಅದು ಮುಚ್ಚಿಡಲಾರದು. ಪಂಪಿಗೆ ಆ ಸಂಕೋಚವಿಲ್ಲ. ವಿದ್ಯುತ್ ಇರುವವರೆಗೆ ಹಳ್ಳ ಬತ್ತುವವರೆಗೂ ಎಳೆಯುತ್ತದೆ. ತುದಿಯಲ್ಲಿ ನಲ್ಲಿ ತಿರುಗಿಸುವವನಿಗೆ ಮೂಲದಲ್ಲಿ ಏನಾಯಿತೆಂದು ತಿಳಿಯುವುದೇ ಇಲ್ಲ. ಹಳೆಯದೆಲ್ಲ ಒಳ್ಳೆಯದು, ಪಂಪು ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಗಂಜಿನ ಕಾಲದ ನಗರವನ್ನು ಇಂದಿನ ಜನಸಂಖ್ಯೆಗೆ ಹೋಲಿಸುವಂತೆಯೂ ಇಲ್ಲ. ಆದರೆ ಯಂತ್ರದಲ್ಲಿ ಸಂಕೋಚವಿಲ್ಲದಿದ್ದಾಗ ಅದನ್ನು ನಿಯಮದಲ್ಲಿ ಇಡಬೇಕಾಗುತ್ತದೆ. ಯಾವ ಹಳ್ಳದಿಂದ ಯಾವ ದಿನ ಎಷ್ಟು ಎತ್ತಲಾಯಿತು, ಕೆಳಕ್ಕೆ ಎಷ್ಟು ಬಿಡಲಾಯಿತು ಎಂಬ ಲೆಕ್ಕ ಹೊಂಗಡಹಳ್ಳದ ಗ್ರಾಮಸಭೆಯಲ್ಲೂ ಕೋಲಾರದ ಗ್ರಾಮಸಭೆಯಲ್ಲೂ ಉಪ್ಪಿನಂಗಡಿಯ ದಂಡೆಯಲ್ಲೂ ಪ್ರತಿವರ್ಷ ಓದಿ ಹೇಳುವಂತಾಗಬೇಕು. ಮಳೆ ಕಡಿಮೆಯಾದ ವರ್ಷ ಎಷ್ಟು ನೀರನ್ನು ಮುಟ್ಟಬಾರದು ಎಂಬ ಗೆರೆ ಇರಬೇಕು.

ಒತ್ತಡದ ಮಾತೂ ಇದೆ. ಗಂಜ್ ಒತ್ತಡವನ್ನು ಇಳಿಸುವ ಕಟ್ಟಡ. ನಾವು ಈ ಗುಡ್ಡಗಳ ಮೇಲೆ ಒತ್ತಡ ಏರಿಸುತ್ತಲೇ ಬಂದಿದ್ದೇವೆ. ರೈಲು, ನಾಲ್ಕು ಪಥದ ರಸ್ತೆ, ಅನಿಲ ಕೊಳವೆ, ವಿದ್ಯುತ್ ತಂತಿ, ರೆಸಾರ್ಟು, ಈಗ ನೀರಿನ ಕೊಳವೆ. 2018ರ ಆಗಸ್ಟಿನಲ್ಲಿ ಸಕಲೇಶಪುರ-ಸುಬ್ರಹ್ಮಣ್ಯ ರೈಲುಹಳಿಯ ಮೇಲೆ ಗುಡ್ಡ ಕುಸಿಯಿತು. 2024ರ ಜುಲೈಯಲ್ಲಿ ಶಿರಾಡಿ ರಸ್ತೆಯ ದೊಡ್ಡತೊಪ್ಲು ಬಳಿ ಮತ್ತೆ ಮತ್ತೆ ಮಣ್ಣು ಜಾರಿತು. ಒತ್ತಡ ಇಳಿಸುವ ದಾರಿಯಿಲ್ಲದ ಕೊಳವೆ ಒಡೆಯುತ್ತದೆ ಎಂಬುದು ಹದಿನೇಳನೇ ಶತಮಾನದ ಗಾರೆ ಕೆಲಸದವನಿಗೆ ಗೊತ್ತಿತ್ತು.

*

ಮಂಗಳೂರು, ಕಾಸರಗೋಡಿನ ಓದುಗರಿಗೆ ಸುರಂಗ ಎಂಬ ಮಾತು ಹೊಸದಲ್ಲ. ಬಂಟ್ವಾಳ, ಪುತ್ತೂರು, ಕಾಸರಗೋಡಿನ ಗುಡ್ಡಗಳಲ್ಲಿ ಮುರಕಲ್ಲಿನೊಳಗೆ ತೋಡಿದ ಸುರಂಗಗಳಿಂದ ಇಂದಿಗೂ ತೋಟಕ್ಕೆ, ಅಡಿಗೆಮನೆಗೆ ನೀರು ಬರುತ್ತದೆ. ಅಡ್ಯನಡ್ಕದ ಬಳಿಯ ಅಮೈ ಮಹಾಲಿಂಗ ನಾಯ್ಕರು ಬೋಳುಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆಯುತ್ತ, ಒಂದರ ಹಿಂದೆ ಒಂದು ವಿಫಲವಾದರೂ ಬಿಡದೆ ಕೊನೆಗೆ ನೀರು ಕಂಡರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ತೊರವಿಯ ಸುರಂಗ ತೋಡಿದವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಈ ಒಬ್ಬರ ಹೆಸರಾದರೂ ದಾಖಲಾಯಿತು ಎಂಬುದು ಸಮಾಧಾನ.

ಕೋಲಾರದ ಕೆರೆಗಳಿಗೂ ಇಂತಹ ಕೈಗಳಿದ್ದವು. ನೀರಗಂಟಿ ಎಂಬವನು ಹೆಚ್ಚಾಗಿ ದಲಿತ ಕೇರಿಯವನು. ಕೆರೆಯ ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನಿರ್ಧರಿಸುವುದು ಅವನ ಕೆಲಸ. ಊರ ಗೌಡನ ಗದ್ದೆಗೂ ಅವನ ಲೆಕ್ಕವೇ ಲೆಕ್ಕ. ಅವನು ಅಳತೆ ಮಾಡಿ ಬಿಟ್ಟ ನೀರಿನಿಂದ ಊರೆಲ್ಲ ಉಂಡಿತು, ಅವನನ್ನು ಮಾತ್ರ ಊರ ಬಾವಿ ಹತ್ತಿರ ಬಿಡಲಿಲ್ಲ. ತಕ್ಕಡಿ ಹಿಡಿದ ಕೈಯನ್ನೇ ಮೈಲಿಗೆ ಎಂದ ಸಮಾಜ ನಮ್ಮದು. 527 ಕೆರೆಗಳಿಗೆ ದೂರದ ನೀರು ತರುವ ಯೋಜನೆಯಲ್ಲಿ ಆ ಕೆರೆಗಳ ನೀರಗಂಟಿಗಳಿಗೆ ಏನು ಸ್ಥಾನ? ಮೂಲದಲ್ಲಿ, ಹೊಂಗಡಹಳ್ಳದ ಸುತ್ತಲಿನ ಕಾಫಿ ತೋಟಗಳ ಲೈನುಮನೆಗಳಲ್ಲಿ ಇರುವ ಕೂಲಿಯವರ ನಲ್ಲಿಗೆ ಏನು ಸ್ಥಾನ? ಮೂಲಕ್ಕೂ ತುದಿಗೂ ಈ ಪ್ರಶ್ನೆ ಕೇಳದ ನೀರಿನ ಯೋಜನೆ ಅರಮನೆಯ ಕಾರಂಜಿಯ ಇನ್ನೊಂದು ರೂಪ ಅಷ್ಟೇ.

ವಿಜಯಪುರದ ಗಂಜ್‌ಗಳಿಗೆ ಒಂದು ಫಲಕ ಬೇಕು. ಕಟ್ಟಿಸಿದವರ ಹೆಸರು, ಇಸವಿ, ಎತ್ತರ ಅದರಲ್ಲಿರಲಿ. ಅದರ ಜೊತೆಗೆ ಇದು ಹೇಗೆ ಕೆಲಸ ಮಾಡುತ್ತಿತ್ತು ಎಂದು ಶಾಲೆಯ ಮಕ್ಕಳಿಗೆ ತಿಳಿಯುವ ಕನ್ನಡದಲ್ಲಿ ನಾಲ್ಕು ಸಾಲು ಇರಲಿ. ಸೌಹಾರ್ದದ ಮೇಲೆ ಮುಂದಿನ ಬಾರಿ ಲೇಖನ ಬರೆಯುವ ನಮ್ಮ ಗೆಳೆಯರು ಜಗದ್ಗುರು ಇಬ್ರಾಹಿಮನ ಹಾಡಿನ ಪಕ್ಕದಲ್ಲಿ ಈ ಒರಟು ಗೋಪುರಕ್ಕೂ ಒಂದು ಪ್ಯಾರಾ ಕೊಡಲಿ, ದೌಲತಾಬಾದಿನ ಕೊಳಕ್ಕೂ ಒಂದು ಪ್ಯಾರಾ ಕೊಡಲಿ. ಎರಡನ್ನೂ ಹೇಳುವ ಧೈರ್ಯ ಬಂದಾಗ ನಮ್ಮ ಚರಿತ್ರೆಯನ್ನು ಬೇರೆಯವರೂ ನಂಬುತ್ತಾರೆ.

ಮಳೆಗಾಲ ಬಂದಾಗ ಹೊಂಗಡಹಳ್ಳ ತುಂಬಿ ಹರಿಯುತ್ತದೆ. ಅದರಲ್ಲಿ ಸ್ವಲ್ಪ ಪೂರ್ವಕ್ಕೆ ಹೋಗಲಿ, ಸ್ವಲ್ಪ ಪಶ್ಚಿಮಕ್ಕೆ ಇಳಿಯಲಿ, ಸ್ವಲ್ಪ ಗುಡ್ಡದಲ್ಲೇ ಇಂಗಲಿ. ಎಷ್ಟೆಷ್ಟು ಎಂದು ಎಲ್ಲರೆದುರು ತೂಗಿ ಹೇಳುವ ತಕ್ಕಡಿಯೊಂದು ಬೇಕು. ನಾಲ್ಕು ನೂರು ವರ್ಷಗಳ ಹಿಂದೆ ಅದನ್ನು ಕಲ್ಲಿನಲ್ಲಿ ಕಟ್ಟಲು ಬಂದಿತ್ತು. ಈಗ ಅದನ್ನು ಕಾನೂನಿನಲ್ಲಿ ಕಟ್ಟಬೇಕಾಗಿದೆ.